ನೀಲವ್ವ ಕೇಳಿದ ನೀರು

ಮೊದಲಿಗೇ ಹೇಳಿಬಿಡುತ್ತೇನೆ. ದೆವ್ವ, ಭೂತ, ಮೈಮೇಲೆ ಬರುವುದು, ಇವೆಲ್ಲ ನನಗೆ ಆಗಿಬರದ ಮಾತುಗಳು. ಮಲಾಡಿನ ಒಂದು ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ನಮ್ಮ ಬಿಲ್ಡಿಂಗಿನಲ್ಲಿ ಯಾರೋ ಒಬ್ಬರು ಲಿಫ್ಟಿನ ಹತ್ತಿರ ಬಿಳಿ ಸೀರೆ ಕಂಡೆ ಎಂದಾಗ, ಮೊದಲು ಕನ್ನಡಕದ ನಂಬರ್ ಚೆಕ್ ಮಾಡಿಸಿ ಎಂದು ನಾಲ್ಕು ಜನರ ಎದುರಿಗೆ ನಕ್ಕಿದ್ದೆ. ಈಗ ನಾನು ಹೇಳುವುದನ್ನು ಕೇಳಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಗೆಪಾಟಲಾಗುವುದು ನನಗೆ ತಕ್ಕದ್ದೇ.

ನಮ್ಮದೊಂದು ಮಹಿಳಾ ಮಂಡಳವಿದೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದ ಹನ್ನೆರಡು ಜನ ನಾವು. ವರ್ಷಕ್ಕೊಮ್ಮೆ ಒಂದು ಬೆಟ್ಟದೂರಿಗೆ ಪಿಕ್ನಿಕ್ ಹೋಗುತ್ತಿದ್ದೆವು. ಊರಿನ ಹೆಸರು ಬೇಡ. ಇಲ್ಲಿಂದ ಅರ್ಧ ದಿನದ ದಾರಿ, ಮೇಲೆ ಹತ್ತಿದರೆ ಕೆಂಪು ಮಣ್ಣು, ಸಾಲಾಗಿ ಚಿಕ್ಕಿ ಅಂಗಡಿಗಳು, ಬಾಡಿಗೆ ಕುದುರೆಗಳು, ಸೂರ್ಯ ಮುಳುಗುವುದನ್ನು ನೋಡುವ ಜಾಗಕ್ಕೊಂದು ಬೋರ್ಡು. ಎಲ್ಲರೂ ಹೋಗುವಂಥದೇ ಊರು.

ಅಲ್ಲಿ ನಾವು ಇಳಿದುಕೊಳ್ಳುತ್ತಿದ್ದದ್ದು ನೀಲವ್ವನ ಮನೆಯಲ್ಲಿ. ನೀಲವ್ವ ವಿಜಯಪುರದ ಕಡೆಯವಳು. ಗಂಡ ರಸ್ತೆ ಕೆಲಸಕ್ಕೆಂದು ಆ ಬೆಟ್ಟಕ್ಕೆ ಬಂದವನು ಅಲ್ಲಿಯೇ ನಿಂತ, ಅಲ್ಲಿಯೇ ತೀರಿಕೊಂಡ. ಇವಳು ಪೇಟೆಯ ಕೊನೆಗೆ, ಕಾಡು ಶುರುವಾಗುವಲ್ಲಿ ಒಂದು ಖಾನಾವಳಿ ನಡೆಸುತ್ತಿದ್ದಳು. ಹಿಂದೆ ನಾಲ್ಕು ಕೋಣೆ, ಬಂದವರಿಗೆ ಬಾಡಿಗೆಗೆ. ಮರಾಠಿ ಮಂದಿಗೆ ಮರಾಠಿಯಲ್ಲಿ, ಗುಜರಾತಿ ಮಂದಿಗೆ ಹರುಕುಮುರುಕು ಹಿಂದಿಯಲ್ಲಿ ಊಟ ಬಡಿಸುತ್ತಿದ್ದವಳು ನಮ್ಮನ್ನು ಕಂಡರೆ ಮಾತ್ರ ಬಾಯಿತುಂಬ ಕನ್ನಡ ಆಡುತ್ತಿದ್ದಳು. ನನ್ನನ್ನು 'ಅಕ್ಕಾರ' ಎನ್ನುತ್ತಿದ್ದಳು.

ಆ ವರ್ಷ ಫೆಬ್ರವರಿ ಮುಗಿಯುವಷ್ಟರಲ್ಲಿ ಹೋದೆವು. ಬೆಟ್ಟದಲ್ಲಿ ಸೀತನಿ ತಿನ್ನೋಣ ಎಂದದ್ದು ನಾನೇ. ಸೀತನಿ ಎಂದರೆ ಎಳೆಯ ಜೋಳದ ತೆನೆ. ಗುಂಡಿ ತೋಡಿ, ಸಗಣಿಯ ಕುಳ್ಳು ಉರಿಸಿ, ಆ ಕೆಂಡದಲ್ಲಿ ತೆನೆ ಸುಟ್ಟು, ಬಿಸಿಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸಿ ಶೇಂಗಾ ಚಟ್ನಿ ಜೊತೆ ತಿನ್ನಬೇಕು. ಹೊಲದಲ್ಲಿ ಕೂತು ತಿನ್ನುವ ತಿಂಡಿ ಅದು, ಒಣಹುಲ್ಲಿನ ಬೆಟ್ಟದ ಮೇಲಲ್ಲ. ಮಂಡಳದಲ್ಲಿ ಇಬ್ಬರು ಹಾಗೆಂದು ಹೇಳಿಯೂ ಹೇಳಿದರು. ನಾನು ಕೇಳಲಿಲ್ಲ. ನನಗೊಂದು ಚಟವಿದೆ, ಎಲ್ಲರಿಗೂ ಬುದ್ಧಿ ಹೇಳುವುದು. ಮೂವತ್ತು ವರ್ಷ ಕ್ಲಾಸಿನಲ್ಲಿ ನಿಂತರೆ ಹಾಗೇ ಆಗುತ್ತದೆ.

ಭಾನುವಾರ ಮಧ್ಯಾಹ್ನ ನೀಲವ್ವನ ಹಿತ್ತಲಲ್ಲಿ ಸೀತನಿ ಆಯಿತು. ಬಾಡಿಗೆ ಕುದುರೆ ಓಡಿಸುವವನೊಬ್ಬ, ನಾವೆಲ್ಲ ಕುದುರೆಯ ಚಾಚಾ ಎನ್ನುತ್ತಿದ್ದವನು, ಅವನೂ ಬಂದಿದ್ದ. ಮುದುಕ, ಹಲ್ಲಿಲ್ಲ, ಕಾಳನ್ನು ಬೆಲ್ಲದ ಜೊತೆ ಚೀಪುತ್ತ ಕೂತಿದ್ದ. ಬೆಳಿಗ್ಗೆ ಅವನು ನನ್ನನ್ನು ಕುದುರೆ ಹತ್ತಿಸಲು ಪಟ್ಟ ಪಾಡನ್ನು ನೆನೆದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸಂಜೆ ಐದಕ್ಕೆ ಹೊರಟು ನಿಂತಾಗ ನೀಲವ್ವ ಒಂದು ಕೊಡ ಎತ್ತಿಕೊಂಡು ಗುಂಡಿಯ ಹತ್ತಿರ ಬಂದಳು.

"ಅಕ್ಕಾರ, ನೀರ ಹಾಕಿಬಿಡ್ಲೇನ್ರಿ? ಗಾಳಿ ಭಾಳ ಐತಿ."

ನಾನು ಏನೆಂದೆ ಎಂಬುದು ಅಕ್ಷರ ಅಕ್ಷರ ನೆನಪಿದೆ.

"ಅಯ್ಯ, ಅಗ್ನಿಗೆ ನೀರ ಹಾಕ್ತಾರೇನ ನೀಲವ್ವಾ? ನಿಮ್ಮವ್ವ ಏನೂ ಕಲಿಸಿಲ್ಲೇನ? ಮ್ಯಾಲ ಬೂದಿ ಮುಚ್ಚು, ತಾನ ಶಾಂತ ಆಗ್ತದ. ನಿನ್ನ ನೀರೂ ಉಳೀತದ."

"ಆತ್ರಿ. ನೀವು ಕಲ್ತವರು," ಎಂದು ಅವಳು ಕೊಡ ಇಳಿಸಿದಳು. ಆ ನೀರಿನಲ್ಲಿ ನಮಗೆಲ್ಲ ಹೊರಡುವ ಮೊದಲಿನ ಚಹಾ ಮಾಡಿಕೊಟ್ಟಳು. ಆ ದಿನಗಳಲ್ಲಿ ಬೆಟ್ಟದ ಮೇಲೆ ಟ್ಯಾಂಕರಿನ ನೀರೇ ಗತಿ.

ನಮ್ಮ ಕಡೆ ದೀಪವನ್ನು ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತೇವೆ. ಒಲೆಗೆ ನೀರು ಸುರಿಯುವುದಿಲ್ಲ, ಬೂದಿ ಮುಚ್ಚುತ್ತೇವೆ. ಅಜ್ಜಿ ದಿನಾ ರಾತ್ರಿ ಮಾಡುತ್ತಿದ್ದದ್ದನ್ನು ನೋಡಿ ಬೆಳೆದಿದ್ದೆ. ಆದರೆ ಗ್ಯಾಸಿನ ಮುಂದೆ ನಲವತ್ತು ವರ್ಷ ಕಳೆದವಳಿಗೆ ಅರ್ಧ ಮಾತ್ರ ನೆನಪಿತ್ತು ನೋಡಿ. ಅಜ್ಜಿ ಬೂದಿ ಮುಚ್ಚುತ್ತಿದ್ದದ್ದು ಬೆಂಕಿ ಆರಲಿ ಎಂದಲ್ಲ, ಬೆಳಗಿನ ತನಕ ಉಳಿಯಲಿ ಎಂದು.

ಮರುದಿನ ಸೋಮವಾರ. ಮಗ, ಸೊಸೆ ಇಬ್ಬರೂ ಆಫೀಸಿಗೆ ಹೋಗಿದ್ದರು. ನಮ್ಮ ಬಿಲ್ಡಿಂಗಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಅರ್ಧ ಗಂಟೆ ಕುಡಿಯುವ ನೀರು ಬಿಡುತ್ತಾರೆ. ನಾನು ಅಡುಗೆಮನೆಯಲ್ಲಿ ಪಾತ್ರೆಗಳಿಗೆ ನೀರು ಹಿಡಿಯುತ್ತಿದ್ದೆ. ಮುಂಬಾಗಿಲು ಗಾಳಿಗೆಂದು ತೆರೆದಿತ್ತು, ಜಾಳಿಗೆಯ ಸೇಫ್ಟಿ ಡೋರ್ ಮಾತ್ರ ಹಾಕಿತ್ತು. ಬೆಲ್ ಆಗಲಿಲ್ಲ. ಯಾರೋ ಜಾಳಿಗೆಯನ್ನು ಉಗುರಿನಿಂದ ಕೆರೆದ ಹಾಗಾಯಿತು. ಹೋಗಿ ನೋಡಿದರೆ ನೀಲವ್ವ.

ಕೂದಲು ಬಿಚ್ಚಿಹೋಗಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕಾಲಿಗೆ ಚಪ್ಪಲಿ ಇರಲಿಲ್ಲ. ಮೈಯಿಂದ ಹೊಗೆಯ ವಾಸನೆ ಬರುತ್ತಿತ್ತು, ಆದರೆ ಅದು ನನಗೆ ವಿಶೇಷವೆನಿಸಲಿಲ್ಲ. ಕಟ್ಟಿಗೆ ಒಲೆಯ ಮುಂದೆ ರೊಟ್ಟಿ ಬಡಿಯುವವಳು, ಯಾವಾಗಲೂ ಹಾಗೇ ಇರುತ್ತಿದ್ದಳು. ಬೆಳಗಿನ ಬಸ್ಸು ಹಿಡಿದು ಏನೋ ಕೆಲಸಕ್ಕೆ ಬಂದಿದ್ದಾಳೆ ಎಂದುಕೊಂಡೆ. ಮೊದಲು ಮಾಡಿದ್ದೇ ಬೈಯುವುದು.

"ಅಲ್ಲ ನೀಲವ್ವಾ, ಬರೂಕಿಂತ ಮೊದಲ ಒಂದು ಫೋನ್ ಮಾಡಬಾರದ? ನಿನ್ನೆ ನಮ್ಮ ಜೊತೀನಽ ಬಂದಿದ್ರ ಆಗ್ತಿದ್ದಿಲ್ಲೇನ?"

"ಅಕ್ಕಾರ, ನೀರ ಕೊಡ್ರಿ," ಎಂದಳು. ಅಷ್ಟೇ.

ಒಳಗೆ ಹೋಗಿ, ಆಗತಾನೆ ತುಂಬಿದ್ದ ನನ್ನ ತಾಮ್ರದ ತಂಬಿಗೆಯನ್ನು ತಂದೆ. ಅದು ನನ್ನ ತವರಿನವರು ಮದುವೆಯಲ್ಲಿ ಕೊಟ್ಟದ್ದು. ಹೆಸರು ಕೊರೆಯುವವನು ನನ್ನ ಹೆಸರಿನ ಕೊನೆಯಲ್ಲಿ ಒಂದು ದೀರ್ಘ ಬಿಟ್ಟಿದ್ದಾನೆ. ಅದನ್ನು ಹಿಡಿದು ನಮ್ಮ ಯಜಮಾನರು ಬದುಕಿರುವ ತನಕ ನನ್ನನ್ನು ಕಾಡಿಸಿದರು. ಅಂಥ ತಂಬಿಗೆ ಜಗತ್ತಿನಲ್ಲಿ ಇನ್ನೊಂದಿಲ್ಲ. ಸೇಫ್ಟಿ ಡೋರ್ ತೆರೆದು ಅವಳ ಕೈಗೆ ಕೊಟ್ಟೆ. ಬೆರಳಿಗೆ ಬೆರಳು ತಾಗಿತು, ತವೆಯಿಂದ ಈಗ ಇಳಿಸಿದ ರೊಟ್ಟಿಯಷ್ಟು ಬಿಸಿ ಇತ್ತು. ಜ್ವರ ಬಂದಿದೆ ಎಂದುಕೊಂಡೆ. ಅವಳು ಕುಡಿಯಲಿಲ್ಲ. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತ ನಿಂತಳು. ಆಗ ಒಳಗೆ ಹಂಡೆ ತುಂಬಿ ನೀರು ಹೊರಚೆಲ್ಲುವ ಸದ್ದು ಬಂತು. "ಒಳಗ ಬಾ, ಕೂಡು," ಎಂದು ನಲ್ಲಿ ಬಂದ್ ಮಾಡಲು ಓಡಿದೆ. ತಿರುಗಿ ಬಂದರೆ ಬಾಗಿಲಲ್ಲಿ ಯಾರೂ ಇಲ್ಲ. ತಂಬಿಗೆಯೂ ಇಲ್ಲ.

ಮೂರು ಮಹಡಿ ಇಳಿದು ಕೆಳಗೆ ಹೋದೆ. ವಾಚ್‌ಮನ್ ಯಾರೂ ಬಂದಿಲ್ಲ, ಯಾರೂ ಹೋಗಿಲ್ಲ ಎಂದ. ಸಿಸಿಟಿವಿ ಬಂದ್ ಇತ್ತು. ನಮ್ಮ ಸೊಸೈಟಿಯಲ್ಲಿ ಅದು ಚಾಲೂ ಇರುವುದೇ ಹಬ್ಬಕ್ಕೊಮ್ಮೆ! ನೀಲವ್ವನ ಫೋನಿಗೆ ಹಚ್ಚಿದೆ, ತಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ ಆಗಲಿಲ್ಲ, ಸಿಟ್ಟು ಬಂತು. ತವರಿನ ತಂಬಿಗೆ ಒಯ್ದಳಲ್ಲ ಎಂದು.

ನಾಲ್ಕು ಗಂಟೆಗೆ ಮಂಡಳದ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಿಡಿಯೋ ಬಂತು. ಬೆಟ್ಟ ಉರಿಯುತ್ತಿತ್ತು. ಚಿಕ್ಕಿ ಅಂಗಡಿಗಳ ಸಾಲು, ಲಾಡ್ಜುಗಳು, ಎಲ್ಲ. ಬೆಂಕಿ ಹತ್ತಿದ್ದು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಎಂದು ಕೆಳಗೆ ಬರೆದಿತ್ತು. ನಾನು ಫೋನನ್ನು ಮಗುಚಿ ಇಟ್ಟೆ. ನೆನಪಾದದ್ದು ಬಾಗಿಲಿಗೆ ಬಂದ ನೀಲವ್ವ ಅಲ್ಲ, ಗುಂಡಿಯ ಪಕ್ಕ ಕೊಡ ಹಿಡಿದು ನಿಂತ ನೀಲವ್ವ.

ನೀಲವ್ವ ಬದುಕಿದ್ದಾಳೆ ಎಂಬ ಸುದ್ದಿ ಎರಡು ದಿನದ ಮೇಲೆ ಬಂತು. ಕುದುರೆಯ ಚಾಚಾ ಉಳಿಯಲಿಲ್ಲ. ಜನರೆಲ್ಲ ಕೆಳಗೆ ಓಡುವಾಗ ಲಾಯದಲ್ಲಿ ಕಟ್ಟಿದ ಕುದುರೆಗಳನ್ನು ಬಿಚ್ಚಲು ವಾಪಸು ಹೋದನಂತೆ. ಕುದುರೆಗಳು ಇಳಿದು ಬಂದವು, ಅವನು ಬರಲಿಲ್ಲ. ಬೆಂಕಿ ಹೇಗೆ ಹತ್ತಿತು ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ವಿದ್ಯುತ್ ತಂತಿ ಎಂದರು, ಯಾರೋ ಎಸೆದ ಸಿಗರೇಟು ಎಂದರು, ಕೆಳಗಿನ ಊರಿನವರು ಹುಲ್ಲು ಸುಟ್ಟದ್ದು ಎಂದರು. ಅದರಲ್ಲಿ ಯಾವುದಾದರೂ ಒಂದು ನಿಜವಾಗಲಿ ಎಂದು ನಾನು ದೇವರಿಗೆ ಕೈಮುಗಿದಿದ್ದೇನೆ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಮಾತ್ರ ಯಾರನ್ನೂ ಕೇಳಲಿಲ್ಲ.

ತಿಂಗಳು ಕಳೆದ ಮೇಲೆ ಮಂಡಳದ ವತಿಯಿಂದ ಹೊದಿಕೆ, ಪಾತ್ರೆ, ಸೀರೆ ಒಟ್ಟುಮಾಡಿಕೊಂಡು ಅಲ್ಲಿಗೆ ಹೋದೆವು. ಕೆಂಪು ಮಣ್ಣಿನ ಊರು ಕಪ್ಪಗಾಗಿತ್ತು. ಸೂರ್ಯಾಸ್ತದ ಜಾಗದಲ್ಲಿ ಬೋರ್ಡು ಹೋಗಿ ಎರಡು ಕಬ್ಬಿಣದ ಕಂಬ ಉಳಿದಿದ್ದವು. ಲಾಡ್ಜುಗಳಿದ್ದಲ್ಲಿ ಮಂಚದ ಚೌಕಟ್ಟುಗಳು ಸಾಲಾಗಿ ನಿಂತಿದ್ದವು. ಪ್ರವಾಸಿಗಳಿಲ್ಲ, ಮರಗಳಿಲ್ಲ, ಮಂಗಗಳು ಮಾತ್ರ ರಸ್ತೆಯ ನಡುವೆ ಕೂತು ಬಂದವರ ಕೈ ನೋಡುತ್ತಿದ್ದವು. ಮಂಡಳದ ಹೆಂಗಸರು ಅಳತೊಡಗಿದರು. ನನಗೆ ಅಳು ಬರಲಿಲ್ಲ. ಅಳುವುದಕ್ಕೂ ಒಂದು ಹಕ್ಕು ಬೇಕು ಎನಿಸಿತು.

ನೀಲವ್ವ ತಾಡಪಾಲಿನ ಒಂದು ಗುಡಿಸಲಲ್ಲಿದ್ದಳು. ನನ್ನನ್ನು ಕಂಡದ್ದೇ ತಡ, ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ತಂದು ನನ್ನ ಮಡಿಲಲ್ಲಿಟ್ಟಳು. ಬಿಚ್ಚಿದರೆ ತಂಬಿಗೆ. ತಳ ಕರಿಗಟ್ಟಿತ್ತು, ಒಂದು ಕಡೆ ತಗ್ಗು ಬಿದ್ದಿತ್ತು. ಬೆರಳಿನಿಂದ ತಿಕ್ಕಿ ನೋಡಿದೆ. ನನ್ನ ಹೆಸರು, ದೀರ್ಘವಿಲ್ಲದ್ದು.

"ಅವತ್ತ ಟ್ಯಾಂಕರ್ ಬಂದಿರಲಿಲ್ರಿ ಅಕ್ಕಾರ. ಮನ್ಯಾಗ ಒಂದ ಹನಿ ನೀರಿಲ್ಲ. ಹೊಗಿ ತುಂಬಿ ಕಣ್ಣ ಕಾಣವಲ್ವು, ಹೊಸ್ತಲದಾಗ ಬಿದ್ದೆ. ಅಲ್ಲೇ ಕೈಗೆ ಹತ್ತಿತ ನೋಡ್ರಿ ಈ ತಂಬಿಗಿ, ಕಂಠಮಟ ನೀರು. ಸೆರಗ ತೋಯಿಸಿ ಮೂಗಿಗೆ ಕಟ್ಕೊಂಡ ಓಡಿದೆ. ಐತವಾರ ನೀವು ಮರತ ಹೋಗಿದ್ರಲ್ಲ, ಅದ ನನ್ನ ಜೀವಾ ಉಳಿಸ್ತು."

"ನೀ ಸೋಮವಾರ ಮುಂಬಯಿಗೆ ಬಂದಿದ್ದೇನ ನೀಲವ್ವಾ?" ಎಂದು ಕೇಳಿದೆ.

"ನಾ ಎಲ್ಲಿ ಮುಂಬೈರಿ? ನಿಮ್ಮ ಮನಿ ಯಾವ ದಿಕ್ಕಿಗೈತಿ ಅನ್ನೂದ ಗೊತ್ತಿಲ್ಲ ನನಗ," ಎಂದು ನಕ್ಕಳು. ಆ ಸ್ಥಿತಿಯಲ್ಲಿಯೂ ನಕ್ಕಳು. ಆಮೇಲೆ ಹತ್ತಿರ ಸರಿದು, ಉಳಿದವರಿಗೆ ಕೇಳಿಸದ ಹಾಗೆ ಹೇಳಿದಳು.

"ಒಂದ ಮಾತ ಯಾರ ಮುಂದೂ ಹೇಳಿಲ್ರಿ. ಆ ಸೀತನಿ ಕುಣಿಗೆ ನಾ ನೀರ ಹಾಕಬೇಕಿತ್ತೇನೋ. ನೀರು ಉಳಸಾಕ ಹೋಗಿ ಬೂದಿ ಮುಚ್ಚಿಬಿಟ್ಟೆ. ನಿದ್ದಿ ಹತ್ತಂಗಿಲ್ಲ ಅಕ್ಕಾರ, ಚಾಚಾನ ಮಾರಿ ಕಣ್ಣಮುಂದ ಬರ್ತೈತಿ."

ಬೂದಿ ಮುಚ್ಚಲು ಹೇಳಿದ್ದು ನಾನು ಎಂಬುದನ್ನು ಅವಳು ಮರೆತಿದ್ದಳೋ, ನೆನಪಿದ್ದೂ ನನ್ನ ಮುಖಕ್ಕೆ ಹೇಳಲಿಲ್ಲವೋ, ನನಗೆ ಗೊತ್ತಿಲ್ಲ. ನಾನು ಬಾಯಿ ತೆರೆದೆ. ನಾನು ಹೇಳಿದ್ದಕ್ಕೆ ನೀನು ಬಿಟ್ಟೆ ನೀಲವ್ವಾ, ತಪ್ಪು ನಿನ್ನದಲ್ಲ, ಇಷ್ಟೇ ಹೇಳಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ಹಂಗೆಲ್ಲಾ ಅನಬ್ಯಾಡ. ವಾಯರ್‌ದಿಂದ ಹತ್ತಿದ್ದದು. ಎಲ್ಲಾರೂ ಅದನ್ನಽ ಅನ್ನಾಕತ್ಯಾರ."

ಅವಳ ಬೆನ್ನು ಸವರಿ ಸಮಾಧಾನ ಮಾಡಿದೆ! ಎಂಥ ಧೈರ್ಯ ನೋಡಿ ನನ್ನದು. ನನ್ನ ತಪ್ಪನ್ನು ಅವಳ ತಲೆಯ ಮೇಲೆ ಹೊರಿಸಿ, ಭಾರವಾಯಿತೇ ಎಂದು ಕೇಳಿ ಬಂದೆ.

ತಂಬಿಗೆಯ ವಿಷಯ ಸೊಸೆಗೆ ಹೇಳಿದೆ. ಸ್ನೇಹಾ ಮುಂಬಯಿಯಲ್ಲಿ ಹುಟ್ಟಿದವಳು, ಕನ್ನಡ ಅವಳಿಗೆ ನಿಂತು ನಿಂತು ಬರುತ್ತದೆ. "ಅತ್ತೆ, ಪಿಕ್ನಿಕ್‌ಗೆ ನೀವು ಅದನ್ನ ತಗೊಂಡ್ ಹೋಗಿರ್ತೀರಿ ನಾ. ವಹೀಂ ಭೂಲ್ ಗಯೀ ಹೋಂಗೀ. ಸಿಂಪಲ್ ಹೈ," ಎಂದಳು, ಅಲ್ಲೇ ಮರೆತು ಬಂದಿರಬೇಕು ಎಂದು. ಬಿಸಿಲಿಗೆ, ದಣಿವಿಗೆ ಸೋಮವಾರ ಏನೋ ಭ್ರಮೆಯಾಗಿರಬೇಕು ಎಂದು ಮಗನೂ ಹೇಳಿದ. ಇರಬಹುದು. ಬೇರೆ ಯಾರಾದರೂ ಈ ಕಥೆ ಹೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಸೋಮವಾರ ಬೆಳಿಗ್ಗೆ ಅದೇ ತಂಬಿಗೆಯಿಂದ ನೀರು ಕುಡಿದು ಬಿಪಿ ಗುಳಿಗೆ ನುಂಗಿದ್ದು ನನಗೆ ನೆನಪಿದೆ. ಬೂದಿ ಮುಚ್ಚಿದರೆ ಬೆಂಕಿ ಆರುತ್ತದೆ ಎಂಬುದೂ ನನಗೆ ಹೀಗೇ ಖಾತ್ರಿಯಾಗಿ ನೆನಪಿತ್ತು. ಹಾಗಾಗಿ ನನ್ನ ನೆನಪಿನ ಮೇಲೆ ಆಣೆ ಇಡುವುದಕ್ಕೂ ಈಗ ಅಂಜಿಕೆ.

ಬಂದವಳು ಯಾರು? ನಲ್ಲಿ ಬಂದ್ ಮಾಡುವಷ್ಟರಲ್ಲಿ ತಂಬಿಗೆ ಬೆಟ್ಟ ಹತ್ತಿದ್ದು ಹೇಗೆ? ಎಷ್ಟು ಸಲ ತಿರುವಿ ಹಾಕಿದರೂ ನನಗೆ ಉತ್ತರ ಸಿಕ್ಕಿಲ್ಲ. ಭಾನುವಾರ ನಾನು ಬೇಡವೆಂದ ನೀರನ್ನು ಸೋಮವಾರ ಅವಳು ನನ್ನಿಂದಲೇ ಕೇಳಿ ಒಯ್ದಳು ಎಂದು ಮಾತ್ರ ಅನಿಸುತ್ತದೆ. ಈಗಲೂ ಹನ್ನೆರಡು ಗಂಟೆಗೆ ನೀರು ಬಂದ ಕೂಡಲೇ ಮೊದಲು ಆ ತಂಬಿಗೆಯನ್ನೇ ತುಂಬಿಸಿ ಬಾಗಿಲ ಹತ್ತಿರ ಇಡುತ್ತೇನೆ. ಕರಿ ತಿಕ್ಕಿ ಬೆಳಗಲು ಕೆಲಸದವಳಿಗೆ ಬಿಟ್ಟಿಲ್ಲ.

ನೀಲವ್ವ ಅಲ್ಲಿಯೇ ಒಂದು ತಗಡಿನ ಖಾನಾವಳಿ ಹಾಕಿದ್ದಾಳೆ. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾಳೆ. "ನಿಮ್ಮ ನೀರಿನ ಋಣ ಅಕ್ಕಾರ," ಎನ್ನದೆ ಫೋನ್ ಇಡುವುದಿಲ್ಲ. ಪ್ರತಿ ಸಲವೂ ಹೇಳಿಬಿಡಬೇಕು ಎಂದುಕೊಳ್ಳುತ್ತೇನೆ, ಪ್ರತಿ ಸಲವೂ ಹವಾಮಾನ ವಿಚಾರಿಸಿ ಇಡುತ್ತೇನೆ. ಕೊನೆಗೆ ಬರೆದಾದರೂ ಬಿಡೋಣ ಎಂದು ಇಷ್ಟು ಬರೆದೆ. ಓದಿದವರು ಇವಳು ತಪ್ಪು ಒಪ್ಪಿಕೊಂಡಳು ಎಂದುಕೊಳ್ಳಬೇಡಿ. ನೀಲವ್ವನಿಗೆ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಬರೆದಿದ್ದೇನೆ.