ಪಾಠಕ್ಕೆ ಮೊದಲೇ ಬರೆದ ಅವಲೋಕನ

ನನ್ನ ಅಕ್ಷರ ಕೋಳಿ ಕಾಲಿನ ಹಾಗಿದೆ, ದಯವಿಟ್ಟು ಬೇಸರಿಸಬೇಡಿ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು ನಾನು, ದೊಡ್ಡ ಮಾತು ಬರೆಯಲು ಬರುವುದಿಲ್ಲ. ಅಕ್ಕನ ಬಗ್ಗೆ ತಿಳಿದಷ್ಟನ್ನು ಬರೆಯುತ್ತೇನೆ.

ಅಕ್ಕ ಶಿಕ್ಷಕರ ತರಬೇತಿಯಲ್ಲಿದ್ದಾಳೆ. ಈಗ ದಿನವೂ ಒಂದು ಶಾಲೆಗೆ ಹೋಗಿ ಐದನೇ ತರಗತಿಗೆ ಗಣಿತ ಹೇಳಿಕೊಡಬೇಕು. ಪಾಠ ಮುಗಿದ ಮೇಲೆ ಏನು ಸರಿಹೋಯಿತು, ಏನು ಕೆಟ್ಟಿತು, ಏಕೆ ಎಂದು ಯೋಚಿಸಿ ಬರೆಯಬೇಕು. ಅದಕ್ಕೆ ಅವಲೋಕನ ಎನ್ನುತ್ತಾರೆ. ಆದರೆ ಮನೆಗೆ ಬರುವಷ್ಟರಲ್ಲಿ ಅಕ್ಕ ಹಿಂಡಿದ ಬಟ್ಟೆಯಂತಾಗಿರುತ್ತಾಳೆ. ಅಮ್ಮ ಆಸ್ಪತ್ರೆಯಲ್ಲಿ ಆಯಾ, ಸಂಜೆ ಪಾಳಿ. ನಾನು ಇಸ್ತ್ರಿ ಅಂಗಡಿಯಿಂದ ಬರುವುದು ಕತ್ತಲಾದ ಮೇಲೆ. ಒಲೆ, ಪಾತ್ರೆ, ನೀರು ಎಲ್ಲ ಅಕ್ಕನ ತಲೆಗೇ. ಹಾಗಾಗಿ ಅವಳೂ ಗೆಳತಿಯರಂತೆ, ನಾಳೆಯ ಪಾಠ ಹೇಗೆ ಮಾಡಬೇಕೆಂದು ಬರೆಯುವಾಗಲೇ ಅದರ ಅವಲೋಕನವನ್ನೂ ಬರೆದಿಡುತ್ತಿದ್ದಳು. "ಮಕ್ಕಳು ಉತ್ಸಾಹದಿಂದ ಕಲಿತರು" ಎಂಬ ಸಾಲು ಎಲ್ಲರದ್ದರಲ್ಲೂ ಇತ್ತಂತೆ.

ನಿನ್ನೆ ಭಿನ್ನರಾಶಿ ಕೂಡುವ ಪಾಠ. ತರಬೇತಿಯ ಮೇಡಂ ಬಂದು ಹಿಂದಿನ ಬೆಂಚಿನಲ್ಲಿ ಕೂತು ಅಕ್ಕನ ಪುಸ್ತಕ ತೆರೆದರು. ಪಾಠ ಅರ್ಧವೂ ಆಗಿರಲಿಲ್ಲ, ಅದರ ಅವಲೋಕನ ಮಾತ್ರ ಆಗಲೇ ಅದರಲ್ಲಿತ್ತು. ಗಂಟೆ ಹೊಡೆದ ಮೇಲೆ ಅವಳನ್ನು ವರಾಂಡದಲ್ಲಿ ಹಿಡಿದುಕೊಂಡರು.

"ಏನಮ್ಮಾ, ನೀನು ಬೋರ್ಡಿನ ಮೇಲೆ ಬರೆದು ಮುಗಿಸೋ ಮೊದಲೇ ಮಕ್ಕಳೆಲ್ಲ ಕಲಿತುಬಿಟ್ಟಿದ್ರಲ್ಲ! ಜ್ಯೋತಿಷ್ಯ ಬೇರೆ ಗೊತ್ತಾ?"

ಪುಸ್ತಕವನ್ನು ಅಕ್ಕನ ಕೈಗೆ ವಾಪಸ್ ಕೊಟ್ಟರು.

"ಈ ಪಾಠಕ್ಕೆ ಸಹಿ ಹಾಕಲ್ಲ. ನಾಳೆ ಇದನ್ನೇ ಮತ್ತೆ ಮಾಡು, ಆಮೇಲೆ ಕೂತು ಬರಿ. ಆಗಲೂ ಹೀಗೇ ಇದ್ರೆ ಮುಂದಿನ ವರ್ಷ ಮತ್ತೆ ಬರಬೇಕಾಗುತ್ತೆ."

ಅಕ್ಕ ಮನೆಗೆ ಬಂದವಳೇ ಚೀಲವನ್ನು ಮೂಲೆಗೆ ಎಸೆದಿದ್ದಳು. ನಾನು ಬಂದಾಗಲೂ ಅದು ಅಲ್ಲೇ ಬಿದ್ದಿತ್ತು.

"ಇನ್ನೊಂದು ವರ್ಷ ನನ್ನ ಕೈಲಾಗಲ್ಲ ಕಣೇ. ಬಿಟ್ಟುಬಿಡ್ತೀನಿ. ನಿಮ್ಮ ಅಂಗಡೀಲಿ ಇನ್ನೊಂದು ಇಸ್ತ್ರಿಪೆಟ್ಟಿಗೆ ಇದ್ಯಾ?"

"ಇದೆ. ಆದ್ರೆ ನೀನು ಕಾಲರ್ ಸುಡ್ತೀಯ."

ನಕ್ಕಳು. ಊಟ ಮಾತ್ರ ಮಾಡಲಿಲ್ಲ.

ಇಂದು ಮತ್ತೆ ಅದೇ ಪಾಠ. "ಅರ್ಥ ಆಯ್ತಾ?" ಎಂದರೆ ಎಲ್ಲರೂ ರಾಗವಾಗಿ "ಆಯ್ತು ಮಿಸ್" ಎಂದರಂತೆ. ನಿನ್ನೆಯಾಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದಳು. ಇಂದು ಅರ್ಧಕ್ಕೆ ಕಾಲು ಕೂಡಿಸಿ ತೋರಿಸಲು ಹೇಳಿದಳು. ಮಕ್ಕಳು ಮೇಲಿನ ಅಂಕಿಗೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ ಎರಡು ಬೈ ಆರು ಎಂದು ಬರೆದರು. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅದು ಅರ್ಧಕ್ಕಿಂತ ಕಡಿಮೆ ಹೇಗಾಯಿತು ಎಂದು ಒಬ್ಬರಿಗೂ ಅನುಮಾನ ಬರಲಿಲ್ಲ.

ಅಕ್ಕ ಶಾಲೆಯ ಮೆಟ್ಟಿಲ ಮೇಲೆ ಕೂತು ಅದನ್ನೇ ಬರೆದಳು. "ಮಕ್ಕಳಿಗೆ ಬಂದಿಲ್ಲ. ಹೇಗೆ ಕೂಡಬೇಕೆಂದು ಹೇಳಿದೆ, ಏಕೆ ಹಾಗೆ ಎಂದು ಹೇಳಲಿಲ್ಲ. ನನಗೂ ಅದು ಸರಿಯಾಗಿ ಗೊತ್ತಿರಲಿಲ್ಲ."

ಮೇಡಂ ಓದಿದರು. "ಹಾಗಾದ್ರೆ ನಾಳೆ ಏನ್ ಮಾಡ್ತೀಯ?"

"ಗೊತ್ತಿಲ್ಲ ಮೇಡಂ."

"ಹಾಗಂತಾನೂ ಬರಿ," ಎಂದು ಸಹಿ ಹಾಕಿದರಂತೆ.

ಕತ್ತಲಾದ ಮೇಲೆ ಮನೆಗೆ ಬಂದ ಅಕ್ಕ ಸಹಿ ಸಿಕ್ಕಿತೆಂದು ಕುಣಿಯಲಿಲ್ಲ. "ಬಿಡಲ್ಲ ಕಣೇ, ಮುಗಿಸ್ತೀನಿ. ಆದ್ರೆ ನಿಜ ಬರಿಯೋಕೆ ಕೂತ್ರೆ ದಿನಾ ಇಷ್ಟೊತ್ತಾಗುತ್ತೆ," ಎಂದು ಗೋಡೆಗೆ ಒರಗಿದವಳು ಒಲೆ ಹಚ್ಚುವ ಮೊದಲೇ ನಿದ್ದೆ ಹೋದಳು.

ನಾಳೆ ಅಂಗಡಿಯ ಯಜಮಾನರ ಹತ್ತಿರ ಬೇಗ ಬಿಡಿ ಎಂದು ಕೇಳುತ್ತೇನೆ. ಕೇಳಲು ನಾಚಿಕೆ, ಆದರೂ ಕೇಳುತ್ತೇನೆ. ಅಕ್ಕನ ಪಾಠಗಳು ಮುಗಿಯುವವರೆಗೆ ಸಂಜೆಯ ಅಡುಗೆ ನಾನೇ ಮಾಡುತ್ತೇನೆ.