ಮಡಚದೆ ಬಿಟ್ಟ ತಂತಿ

ಗೆಳೆಯರೇ, ಇಂದು ಸವಣೂರಿನಲ್ಲಿ ಗೆಳತಿ ಫಾತಿಮಾ ದುಪಟ್ಟಾ ಸರಿಸಿ ಕಿವಿ ತೋರಿಸಿದಾಗ ನನ್ನ ಮುಖ ಸಣ್ಣದಾಯಿತು. ನಾನು ಕೊಟ್ಟ ಓಲೆ ಚುಚ್ಚಿ ಹಾಲೆ ಕೆಂಪಗೆ ಊದಿತ್ತು. ಮೊಬೈಲಿನಲ್ಲಿ ನೋಡಿ ಕಲಿತು, ತಂತಿಗೆ ನೀಲಿ ಮಣಿ ಪೋಣಿಸಿ ನಾನು ಮಾಡಿದ ಮೊದಲ ಜೋಡಿ ಓಲೆ ಅದು. ನಿನ್ನೆ ಅವಳು ತನ್ನ ತಮ್ಮನ ಮದುವೆಗೆ ಅದನ್ನೇ ಹಾಕಿಕೊಂಡಿದ್ದಳು. ತಂತಿಯ ಚೂಪು ತುದಿಯನ್ನು ಒಳಗೆ ಮಡಚಬೇಕಿತ್ತು. ಮುಗಿಸುವ ಅವಸರದಲ್ಲಿ ನಾನು ಹಾಗೇ ಬಿಟ್ಟಿದ್ದೆ.

"ಚುಚ್ಚಿದ ಕೂಡ್ಲೆ ಯಾಕ ತಗೀಲಿಲ್ಲ?" ಎಂದೆ.

"ನನ್ನ ಗೆಳತಿ ಮಾಡ್ಯಾಳ ಅಂತ ಎಲ್ಲಾರ ಮುಂದೂ ಹೇಳಿದ್ದೆ. ತಗದ್ರ ನಿನಗ ಏನಂತಿದ್ರು?" ಎಂದಳು.

"ತಪ್ಪಾತು" ಎಂದು ಮುಲಾಮು ಹಚ್ಚಿದೆ. ಅವಳ ಇಬ್ಬರು ನಾದಿನಿಯರಿಗೂ ಇಂಥವೇ ಓಲೆ ಬೇಕಂತೆ. ಪಾಪ, ಅವರಿನ್ನೂ ಈ ಕಿವಿ ನೋಡಿಲ್ಲ.