ಹೆಪ್ಪಿಗೆ ಉಟ್ಟಾ?

ಫ್ರಿಜ್ಜಿನ ಬಾಗಿಲು ತೆಗೆದಾಗ ಬಂದ ವಾಸನೆ ಏನೆಂದು ಮೊದಲು ತಿಳಿಯಲಿಲ್ಲ. ಚಿಕ್ಕಪ್ಪನ ಮನೆಯ ಗೃಹಪ್ರವೇಶಕ್ಕೆಂದು ನಾವು ನಾಲ್ವರೂ ಅರಕಲಗೂಡಿಗೆ ಹೋಗಿ, ನಾಲ್ಕು ದಿನ ಇದ್ದು, ಭಾನುವಾರ ಮಧ್ಯಾಹ್ನ ಕುಶಾಲನಗರಕ್ಕೆ ವಾಪಸಾಗಿದ್ದೆವು. ಹೊರಡುವಾಗ ಮೇನ್ ಸ್ವಿಚ್ ಆಫ್ ಮಾಡಿದ್ದು ನಾನೇ. ಸಾಲದ ಕಾಲದಲ್ಲಿ ಕಲಿತ ಅಭ್ಯಾಸ. ಸಾಲ ತೀರಿ ಏಳು ತಿಂಗಳಾಗಿದ್ದರೂ ಕೈ ತಾನಾಗಿ ಅಲ್ಲಿಗೆ ಹೋಗಿತ್ತು.

ಒಳಗಿನ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪಿಗೆಂದು ಎತ್ತಿಟ್ಟಿದ್ದ ಮೊಸರಿನ ಮೇಲೆ ಹಸಿರು ಬೂಷ್ಟು ಬಂದಿತ್ತು. ಆ ಡಬ್ಬಿ ನಮ್ಮದಲ್ಲ. ಹೆಪ್ಪೂ ನಮ್ಮದಲ್ಲ. ಎರಡೂ ಮೊಸರಕ್ಕನದು.

ಮೊಸರಕ್ಕ ಎಂದರೆ ನಮ್ಮ ಹಿಂದಿನ ಬೀದಿಯಲ್ಲಿ ಎರಡು ಹಸು ಕಟ್ಟಿಕೊಂಡು ಮೊಸರು ಮಾರುತ್ತಿದ್ದವರು. ಐವತ್ತೈದರ ಆಸುಪಾಸು. ಮಡಿಕೇರಿ ಕಡೆಯವರು, ಮನೆಮಾತು ಅರೆಭಾಷೆ. ನಮ್ಮೊಡನೆ ನಮ್ಮ ಕನ್ನಡವನ್ನೇ ಆಡುತ್ತಿದ್ದರು. ಆದರೆ 'ಇದೆ' ಎನ್ನುವ ಕಡೆ ಅವರ ಬಾಯಲ್ಲಿ 'ಉಟ್ಟು' ಬಂದುಬಿಡುತ್ತಿತ್ತು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮಡಿಕೇರಿಯಲ್ಲಿ ಪ್ರವಾಸಿಗರಿಗೆ ಬಾಡಿಗೆ ಜೀಪು ಓಡಿಸುವ ತಮ್ಮ ಒಬ್ಬನಿದ್ದ. ಅವನು ಬಂದ ದಿನ ಮಾತ್ರ ಅವರ ಮನೆಯಿಂದ ಕೋಳಿಸಾರಿನ ವಾಸನೆ ಬರುತ್ತಿತ್ತು.

ನಮ್ಮ ಸಾಲಕ್ಕೆ ಕಾರಣ ಅಪ್ಪನ ಎರಡನೆಯ ಪಿಕಪ್. ಒಂದು ಗಾಡಿಯಲ್ಲಿ ಶುಂಠಿ ಸಾಗಿಸಿ ಚೆನ್ನಾಗಿಯೇ ನಡೆದಿತ್ತು. ಇನ್ನೊಂದು ಇದ್ದರೆ ಎರಡರಷ್ಟು ಎಂದು ಅಪ್ಪ ಲೆಕ್ಕ ಹಾಕಿದರು. ಅದು ಬಂದ ವರ್ಷವೇ ಶುಂಠಿ ಬೆಲೆ ಬಿತ್ತು, ಬಾಡಿಗೆ ನಿಂತಿತು, ಕಂತು ನಿಲ್ಲಲಿಲ್ಲ. ಕಂತು ಕಟ್ಟಲು ಕೈಸಾಲ, ಕೈಸಾಲಕ್ಕೆ ಸಂಘದ ಸಾಲ...

ನಾನಾಗ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಹಾಕುವ ಕೆಲಸಕ್ಕಿದ್ದೆ. ಸಂಬಳದ ಕವರನ್ನು ಒಡೆಯದೆ ಅಪ್ಪನ ಕೈಗೆ ಕೊಡುತ್ತಿದ್ದೆ. ಡೈರಿ ಬರೆಯುವುದು ನನಗೆ ಹೈಸ್ಕೂಲಿನಿಂದ ಬಂದ ರೂಢಿ. ಅದರ ಕೊನೆಯಲ್ಲಿ ಒಂದು ಹಾಳೆಗೆ 'ಬಿಟ್ಟದ್ದು' ಎಂದು ತಲೆಬರಹ ಕೊಟ್ಟೆ. ಒಂದು, ಪೇಪರು. ಎರಡು, ಕೇಬಲ್ಲು. ಆರು, ಊರಿಗೆ ಹೋದರೆ ಮೇನ್ ಸ್ವಿಚ್ ಆಫ್. ಒಂಬತ್ತು, ಅಪ್ಪನ ಕಟಿಂಗ್ ಶಾಪು. ಹನ್ನೊಂದು, ಮೊಸರು ಲೀಟರಿನಿಂದ ಅರ್ಧಕ್ಕೆ.

ಹಾಳೆ ಗೋಡೆಗೆ ಅಂಟಿಸಿದಂತೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಒಬ್ಬರು ಒಂದು ಬಿಟ್ಟರೆ ಇನ್ನೊಬ್ಬರು ಎರಡು ಬಿಡುತ್ತಿದ್ದರು. ಅಮ್ಮ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳತೊಡಗಿದರು. ನನಗೆ ಅದು ಗೊತ್ತಾದ ದಿನ ನಾನು ಮಾಡಿದ್ದು ಇಷ್ಟೇ: 'ಹದಿನೇಳು, ಅಮ್ಮನ ಮಾತ್ರೆ, ಅರ್ಧ' ಎಂದು ಬರೆದೆ. ಕೇಬಲ್ಲು ಬರೆದ ಅದೇ ಪೆನ್ನು, ಅದೇ ಅಕ್ಷರ. ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದೂ ಅನ್ನಿಸಲಿಲ್ಲ.

ಆಮೇಲೆ ಪಿಯುಸಿ ಎರಡನೆಯ ವರ್ಷದಲ್ಲಿದ್ದ ತಂಗಿ, ಕಾಲೇಜು ಬಿಟ್ಟು ನಮ್ಮ ಅಂಗಡಿಗೇ ಸೇಲ್ಸಿಗೆ ಬರುತ್ತೇನೆ ಎಂದಳು. ಅಪ್ಪ ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ನಾನು 'ಇಪ್ಪತ್ತಮೂರು, ತಂಗಿ, ಕಾಲೇಜು' ಎಂದು ಬರೆದು ಮುಂದೆ ಪ್ರಶ್ನೆ ಚಿಹ್ನೆ ಹಾಕಿದೆ. ಅಂಗಡಿಯವರಿಗೆ ಸೋಮವಾರ ತಿಳಿಸಬೇಕಿತ್ತು.

ಅದರ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ನಾಳೆಯಿಂದ ಮೊಸರೇ ಬೇಡ ಎಂದು ಹೇಳಿ ತಿಂಗಳ ಲೆಕ್ಕ ಮುಗಿಸಲು ಡೈರಿ ಹಿಡಿದು ಮೊಸರಕ್ಕನ ಮನೆಗೆ ಹೋದೆ. ಅವರು ಕೊಟ್ಟಿಗೆ ತೊಳೆಯುತ್ತಿದ್ದರು.

"ಮೊಸರೂ ಬಿಟ್ರಾ? ಇನ್ನೆಂಥೆಂಥ ಬಿಟ್ಟಿದ್ದೀರಿ, ಓದು ನೋಡುವ."

ಓದಿದೆ. ಕಟಿಂಗ್ ಶಾಪು ಬಂದಾಗ ಅವರು ಪೊರಕೆ ಊರಿ ನಿಂತು ನಕ್ಕರು. "ಅದಕ್ಕೇ ನಿನ್ನಪ್ಪ ಒಂದು ಕಡೆ ಮೀಸೆ ಸಣ್ಣ ಮಾಡ್ಕೊಂಡಿರೋದು! ನಾನೆಲ್ಲೋ ಹೊಸ ಸ್ಟೈಲು ಅಂದ್ಕೊಂಡೆ ಮಾರಾಯ್ತಿ." ಹದಿನೇಳಕ್ಕೆ ನಗು ನಿಂತಿತು. ಇಪ್ಪತ್ತಮೂರು ಓದಿ ಮುಗಿಸಿದಾಗ ನಲ್ಲಿ ನಿಲ್ಲಿಸಿ ಕೇಳಿದರು.

"ಹೆಪ್ಪಿಗೆ ಉಟ್ಟಾ?"

"ಮೊಸರೇ ಬೇಡ ಅಂದ್ಮೇಲೆ ಹೆಪ್ಪು ಯಾಕಕ್ಕ?"

"ಮೊಸರಿನ ಮಾತಲ್ಲ. ನಿನ್ನ ಮನೇದು ಕೇಳಿದ್ದು. ನಾನು ದಿನಾ ಮೊಸರು ಮಾರ್ತೇನೆ. ಎಷ್ಟೇ ಗಿರಾಕಿ ಬರಲಿ, ಒಂದು ಚಮಚ ತೆಗೆದಿಟ್ಟೇ ಮಾರೋದು. ಪಾತ್ರೆ ಬಳಿದು ಕೊಟ್ರೆ ಇವತ್ತು ಎಲ್ಲರೂ ಹೊಗಳ್ತಾರೆ. ನಾಳೆ ಹಾಲು ಹಾಲಾಗೇ ಇರ್ತದೆ."

ಅವರು ಕೈ ಒರೆಸಿಕೊಂಡು ಡೈರಿಯ ಹಾಳೆಯ ಮೇಲೆ ಬೆರಳಿಟ್ಟರು.

"ಆ ಎರಡನೇ ಗಾಡಿ ಎಷ್ಟನೇ ನಂಬರಲ್ಲಿ ಉಟ್ಟು?"

ಮೇಲಿಂದ ಕೆಳಗೆ ನೋಡಿದೆ. ಇಪ್ಪತ್ತಮೂರರಲ್ಲಿ ಎಲ್ಲಿಯೂ ಗಾಡಿ ಇರಲಿಲ್ಲ. ಐದು ತಿಂಗಳು ಪಟ್ಟಿ ಬರೆದ ನನಗೂ ಅದು ಕಂಡಿರಲಿಲ್ಲ... ಅಪ್ಪ ಒಂದಲ್ಲ ಒಂದು ದಿನ ಬಾಡಿಗೆ ಬರುತ್ತದೆ ಎಂದು ಟಾರ್ಪಾಲು ಹೊದಿಸಿ ನಿಲ್ಲಿಸಿದ್ದ ಗಾಡಿ.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಡೈರಿಯಲ್ಲಿ ಹೊಸ ಹಾಳೆ ತೆಗೆದು ಓದಿದೆ. ತಲೆಬರಹ, 'ಹೆಪ್ಪು'. ಅಮ್ಮನ ಮಾತ್ರೆ, ದಿನವೂ. ತಂಗಿಯ ಕಾಲೇಜು, ಮುಗಿಯುವವರೆಗೆ. ನನ್ನ ಸಂಬಳದಲ್ಲಿ ಹತ್ತರಲ್ಲಿ ಒಂದು ಪಾಲು, ನನ್ನ ಹತ್ತಿರ. ಇವು ಮೂರನ್ನು ಮುಟ್ಟುವ ಹಾಗಿಲ್ಲ. ಆಮೇಲೆ ಗಾಡಿಯ ವಿಷಯ ಹೇಳಿದೆ.

"ಮೊಸರು ಮಾರೋಳು ಹೇಳಿಕೊಟ್ಟು ಕಳಿಸಿದ್ಲಾ?" ಎಂದರು ಅಪ್ಪ.

"ಹೂಂ ಅಪ್ಪ. ಮುಂದಿನ ತಿಂಗಳಿಂದ ಕವರ್ ಒಡೆದು ಕೊಡ್ತೀನಿ."

"ಗಾಡಿ ಮಾರಿದ್ರೆ ನಾಲ್ಕು ಜನ ಏನಂತಾರೆ ಗೊತ್ತಾ?"

ಅಮ್ಮ ಸಾರು ಬಡಿಸುತ್ತಾ, ತಲೆ ಎತ್ತದೆ, "ಆ ನಾಲ್ಕು ಜನಾನೇ ಕಂತು ಕಟ್ಲಿ ಬಿಡಿ" ಎಂದರು. ಅಪ್ಪ ಊಟ ಬಿಟ್ಟು ಎದ್ದರು. ಹನ್ನೆರಡು ದಿನ ನನ್ನೊಡನೆ ಮಾತಾಡಲಿಲ್ಲ. ನಾನು ಎಣಿಸಿದ್ದೆ. ಹದಿಮೂರನೆಯ ದಿನ ಗಾಡಿಯ ಟಾರ್ಪಾಲು ತೆಗೆದು ತೊಳೆದರು. ಅದಾಗಿ ಒಂದು ವಾರಕ್ಕೆ ಪಿರಿಯಾಪಟ್ಟಣದವರೊಬ್ಬರು ಬಂದು ಕೊಂಡುಹೋದರು. ತಂಗಿ ಅಂಗಡಿಗೆ ಬರಲಿಲ್ಲ.

ಮೊಸರು ಬೇಡವೆಂದಿದ್ದರೂ ಮೊಸರಕ್ಕ ನಿಲ್ಲಿಸಲಿಲ್ಲ. ನಾನು ಕೆಲಸದಿಂದ ಬರುವ ಹೊತ್ತಿಗೆ ತಮ್ಮ ಮನೆಯ ಗೇಟಿನ ಹತ್ತಿರ ನಿಂತು ಒಂದು ಲೋಟ ಕೊಡುತ್ತಿದ್ದರು. ದುಡ್ಡಿನ ಮಾತು ತೆಗೆದರೆ, "ಮಾರೋ ಮೊಸರಲ್ಲ ಇದು, ಹೆಪ್ಪಿಗೆ" ಎನ್ನುತ್ತಿದ್ದರು. ಮನೆಯಲ್ಲಿ ಆಗ ಟೀಗಷ್ಟೇ ಹಾಲು. ಹೆಪ್ಪು ಹಾಕಲು ಹಾಲೇ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಐವತ್ತೆಂಟು ದಿನ ಕೊಟ್ಟರು. ಪ್ರತಿ ದಿನವೂ ಬರೆದಿಟ್ಟಿದ್ದೇನೆ.

ಗಾಡಿ ಹೋಗಿ ಕಂತಿನ ಭಾರ ಇಳಿದ ಮೇಲೆ ಮನೆಗೆ ಮತ್ತೆ ಅರ್ಧ ಲೀಟರು ಹಾಲು ಬರತೊಡಗಿತ್ತು. ಕೊನೆಯ ದಿನ ಲೋಟದ ಬದಲು ಒಂದು ಸ್ಟೀಲ್ ಡಬ್ಬಿ ಕೊಟ್ಟರು, ಅಂಚಿನವರೆಗೆ ತುಂಬಿದ್ದು. "ಇನ್ನು ನೀವೇ ಹೆಪ್ಪು ಹಾಕ್ಕೊಳ್ಳಿ. ಡಬ್ಬಿ ನಿಧಾನ ಕೊಡು." ನಾನು ಸರಿ ಎಂದೆ. ಮಾರನೆಯ ದಿನ ಗೇಟಿಗೆ ಬೀಗವಿತ್ತು.

ವಿಷಯ ಗೊತ್ತಾಗಿದ್ದು ಆಮೇಲೆ. ತಮ್ಮನ ಜೀಪಿನ ಸಾಲಕ್ಕೆ ಅವರು ಜಾಮೀನು ನಿಂತಿದ್ದರು. ತಮ್ಮ ಕಟ್ಟಲಿಲ್ಲ. ಮೊದಲು ಒಂದು ಹಸು ಹೋಯಿತು, ಸ್ವಲ್ಪ ದಿನಕ್ಕೆ ಇನ್ನೊಂದು. ಆಮೇಲೆ ಮನೆ. ಕೊನೆಯ ಮೂರು ವಾರ ಕೊಟ್ಟಿಗೆಯಲ್ಲಿ ಹಸುವೇ ಇರಲಿಲ್ಲವಂತೆ. ಅಂಗಡಿಯಿಂದ ಪ್ಯಾಕೆಟ್ ಹಾಲು ತಂದು, ತಮ್ಮದೇ ಹಳೆಯ ಹೆಪ್ಪು ಹಾಕಿ, ನನಗೊಂದು ಲೋಟ...

ಡೈರಿ ತೆಗೆದು ನೋಡಿದೆ. ಆ ಮೂರು ವಾರದಲ್ಲಿ ನಾಲ್ಕು ಕಡೆ ನನ್ನದೇ ಅಕ್ಷರದಲ್ಲಿ ಇತ್ತು: 'ಮೊಸರು ತೆಳು.' ತಾರೀಖಿನ ಸಮೇತ. ನನಗೆ ಗೊತ್ತಾಗಿತ್ತು, ಬರೆದಿದ್ದೆ, ಕೇಳಿರಲಿಲ್ಲ. ಅವರು ನನ್ನನ್ನು ಕೇಳಿದ ಎರಡೇ ಪದಗಳ ಆ ಪ್ರಶ್ನೆಯನ್ನು ನಾನು ಅವರಿಗೆ ಒಂದು ಸಲವೂ ತಿರುಗಿಸಿ ಕೇಳಿರಲಿಲ್ಲ. ಅಂಚಿನವರೆಗೆ ತುಂಬಿದ ಡಬ್ಬಿ ಕೈಗೆ ಬಂದಾಗಲೂ.

ಹೋದ ವರ್ಷ ಮಳೆಗಾಲದಲ್ಲಿ, ಮಡಿಕೇರಿಯಲ್ಲಿ ತಮ್ಮನ ಬಾಡಿಗೆ ಮನೆಯಲ್ಲಿ ಮೊಸರಕ್ಕ ತೀರಿಕೊಂಡರಂತೆ. ನಮಗೆ ಸುದ್ದಿ ಮುಟ್ಟಿದ್ದು ಹದಿನೈದು ದಿನ ಕಳೆದ ಮೇಲೆ. ಅಮ್ಮ ಅತ್ತರು. ನಾನು ತಾರೀಖು ಬರೆದು ಡೈರಿ ಮುಚ್ಚಿದೆ. ಸಾಲ ಅಷ್ಟರಲ್ಲಿ ಮೂರು ಕಂತಿಗೆ ಇಳಿದಿತ್ತು. ಅದು ಪೂರ್ತಿ ತೀರಿದ ಮೇಲೆ ಡಬ್ಬಿ ಕೊಡುವ ನೆಪದಲ್ಲಿ ಹೋಗಿ ಹೇಳೋಣ ಎಂದುಕೊಂಡಿದ್ದೆ. ಖಾಲಿ ಡಬ್ಬಿ ಕೊಡಬಾರದು, ಅದರೊಳಗೆ ಏನು ಹಾಕಿ ಕೊಡುವುದು ಎಂದೂ ಯೋಚಿಸಿಟ್ಟಿದ್ದೆ.

ಭಾನುವಾರ ಆ ಬೂಷ್ಟು ಹಿಡಿದ ಮೊಸರನ್ನು ಸಿಂಕಿಗೆ ಸುರಿದೆ. ಎರಡು ವರ್ಷದ ಮೇಲೆ, ಪ್ರತಿ ದಿನ ಒಂದು ಚಮಚ ತೆಗೆದಿಟ್ಟು ಉಳಿಸಿಕೊಂಡು ಬಂದದ್ದು. ಡಬ್ಬಿಯನ್ನು ಮೂರು ಸಲ ತೊಳೆದೆ. ಅಂಗಡಿಯಿಂದ ಪ್ಯಾಕೆಟ್ ಮೊಸರು ತಂದು, ಹಾಲು ಕಾಯಿಸಿ, ಉಗುರುಬೆಚ್ಚಗೆ ಆರಿಸಿ, ಅದೇ ಡಬ್ಬಿಯಲ್ಲಿ ಹೆಪ್ಪು ಹಾಕಿದೆ. ಇವತ್ತು ಬೆಳಿಗ್ಗೆ ಮುಚ್ಚಳ ತೆಗೆದೆ. ಒಂದು ಚಮಚ ಎತ್ತಿಟ್ಟು ಉಳಿದದ್ದನ್ನು ಊಟಕ್ಕೆ ಕೊಟ್ಟೆ. ಅಪ್ಪ ತಟ್ಟೆಗೆ ಹಾಕಿಕೊಂಡು, ಕಲಸಿ ತಿಂದರು.

ಡೈರಿಯಲ್ಲಿ ತಾರೀಖು ಹಾಕಿ ಬರೆದೆ: ಮೊಸರು ತೆಳು.